ಎಲ್ಲರಿಗೂ ಊರು, ಒಬ್ಬನಿಗೆ ಖಂಡ

8 ಜನವರಿ 2006, ಭಾನುವಾರ

ನಮ್ಮ ರೇಷನ್ ಅಂಗಡಿ ನಡೆಸುವ ಸೊಸೈಟಿಯವರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿಯ ಮೊದಲ ಏಳು ಪುಟಗಳನ್ನು ಖಾಲಿ ಬಿಟ್ಟಿದ್ದೇನೆ. ಆ ಏಳು ದಿನಗಳಲ್ಲಿ ಅಕ್ಕಿ ತೂಗಿದ್ದು, ಸೀಮೆಎಣ್ಣೆ ಅಳೆದದ್ದು ಬಿಟ್ಟರೆ ಬರೆಯುವಂಥದ್ದು ಏನೂ ನಡೆಯಲಿಲ್ಲ. ಇವತ್ತು ನಡೆದಿದೆ.

ನಮ್ಮ ವಾಮದಪದವಿನ ಶಾಲೆಯ ಮೈದಾನದಲ್ಲಿ ವಾಲಿಬಾಲ್ ಪಂದ್ಯಾಟ. ವೀಕ್ಷಕ ವಿವರಣೆ ಎಂದಿನಂತೆ ನನ್ನದೇ. ಹದಿನೆಂಟು ವರ್ಷಗಳಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಎಲ್ಲಿ ನೆಟ್ ಕಟ್ಟಿದರೂ ಮೈಕಿನ ಹಿಂದೆ ಧರ್ಣಪ್ಪ ಇರಲೇಬೇಕು. ವಾರದಲ್ಲಿ ಆರು ದಿನ ರೇಷನ್ ಅಂಗಡಿಯಲ್ಲಿ ಕಾರ್ಡಿನ ಹೆಸರು ಕೂಗುವ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ, ತಕ್ಕಡಿಯನ್ನು ಮಾತ್ರ ನೋಡುತ್ತಾರೆ. ಭಾನುವಾರ ಮೈಕು ಹಿಡಿದೆನೆಂದರೆ ಎರಡು ಸಾವಿರ ಜನ ನನ್ನ ಮಾತಿಗೆ ಕಾಯುತ್ತಾರೆ. ಸುಳ್ಳೇಕೆ ಹೇಳಲಿ, ನಾನು ಬದುಕಿರುವುದೇ ಆ ಭಾನುವಾರಗಳಿಗಾಗಿ.

ನನ್ನ ವಿಶೇಷವೆಂದರೆ ಬಿರುದು. ಆಟಗಾರರ ಹೆಸರನ್ನು ಯಾರು ಬೇಕಾದರೂ ಹೇಳಿಯಾರು. ನಾನು ಮಾತ್ರ ಆಟಗಾರ ಅಂಕಣಕ್ಕೆ ಕಾಲಿಟ್ಟ ಅರ್ಧ ನಿಮಿಷದಲ್ಲಿ ಅವನಿಗೊಂದು ಬಿರುದು ಅಂಟಿಸುತ್ತೇನೆ, ಮತ್ತೆ ಅದು ಸೋಪು ಹಾಕಿದರೂ ಹೋಗುವುದಿಲ್ಲ. ಉಜ್ವಲ್ ಇವತ್ತು ರಾಜ್ಯ ತಂಡಕ್ಕೆ ಆಡುತ್ತಾನೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಬಿ.ಸಿ.ರೋಡಿನ ಚಪ್ಪಲಿ ಅಂಗಡಿಯೊಂದರ ಫ್ಲೆಕ್ಸಿನಲ್ಲಿ ಹಲ್ಲು ಬಿಟ್ಟು ನಿಂತಿದ್ದಾನೆ. ಆದರೆ ಅವನನ್ನು ‘ಅಳದಂಗಡಿಯ ಸಿಡಿಲು’ ಮಾಡಿದವನು ನಾನು. ಬಂಟ್ವಾಳ ತಂಡದ ಸಿನಾನನನ್ನು ‘ಬಂಟ್ವಾಳದ ಕುಳ್ಳ ಕುದುರೆ’ ಮಾಡಿದವನೂ ನಾನೇ.

ಇವತ್ತು ಉಜ್ವಲನ ಮೂಡುಬಿದಿರೆ ಕಾಲೇಜು ತಂಡದಲ್ಲಿ ಹೊಸಬನೊಬ್ಬ ಇದ್ದ. ಆರಡಿಗೂ ಮೇಲೆ ಎತ್ತರ, ಕಪ್ಪೆಂದರೆ ಕಪ್ಪು, ಗುಂಗುರು ಕೂದಲು. ಮಂಗಳೂರಿಗೆ ಓದಲು ಬರುವ ವಿದೇಶಿ ಹುಡುಗರಲ್ಲಿ ಒಬ್ಬನಿರಬೇಕೆಂದು ಒಂದೇ ನೋಟಕ್ಕೆ ತಿಳಿಯಿತು. “ಇದೋ ಬಂದಿದ್ದಾನೆ ಆಫ್ರಿಕಾದ ಆನೆ!” ಎಂದೆ. ಮೈದಾನಕ್ಕೆ ಮೈದಾನವೇ ಕುಣಿಯಿತು. ಹಿಂದಿನ ಸಾಲಿನವರು ಮೂಗಿನ ಮುಂದೆ ಕೈ ಆಡಿಸಿ ಆನೆಯ ಹಾಗೆ ಘೀಳಿಟ್ಟರು. ಆಮೇಲೆ ಅವನ ಪ್ರತಿ ಹೊಡೆತಕ್ಕೂ ಘೀಳು. ಅವನು ಒಮ್ಮೆ ಆಟ ನಿಲ್ಲಿಸಿ ನನ್ನ ಕಡೆ ನೋಡಿದ. ಸಂತೋಷವಾಗಿರಬೇಕು.

9 ಜನವರಿ, ಸೋಮವಾರ

ಸೊಸೈಟಿಗೆ ಬಂದವರೆಲ್ಲ ಅಕ್ಕಿಗಿಂತ ಮೊದಲು ಆನೆಯ ಸುದ್ದಿ ಎತ್ತಿದರು. ನಮ್ಮೂರಿನ ಮುದುಕ ಹಾಜಬ್ಬ ಅಂತೂ ಖಾಲಿ ಚೀಲವನ್ನು ಸೊಂಡಿಲು ಮಾಡಿಕೊಂಡು ಸಾಲಿನಲ್ಲಿ ನಿಂತಿದ್ದ. ಇದು ನನ್ನ ಹದಿನೆಂಟು ವರ್ಷಗಳ ಅತ್ಯುತ್ತಮ ಬಿರುದೆಂದು ತೋರುತ್ತದೆ.

ಸಂಜೆ ಸರಸನಿಗೆ ಹೇಳಿದೆ. ನನ್ನ ಹೆಂಡತಿಗೆ ಕಲೆಯಲ್ಲಿ ಆಸಕ್ತಿ ಕಡಿಮೆ. ಬಸಳೆ ಸೋಸುತ್ತಾ ಕೇಳಿದಳು:

“ಉಜ್ವಲನಿಗೆ ಅಳದಂಗಡಿ ಕೊಟ್ಟಿದ್ದೀರಿ. ಸಿನಾನನಿಗೆ ಬಂಟ್ವಾಳ. ಎಲ್ಲರಿಗೂ ಒಂದೊಂದು ಊರು ಉಂಟು. ಆ ಹುಡುಗನಿಗೆ ಮಾತ್ರ ಒಂದು ಖಂಡವಾ?”

“ದೊಡ್ಡ ಆಟಗಾರ, ದೊಡ್ಡ ಜಾಗ,” ಎಂದೆ.

“ಅವನ ಊರು ಯಾವುದೂಂತ ಕೇಳಿದ್ದೀರಾ?”

ಕೇಳಲಿಕ್ಕೇನುಂಟು, ಮುಖದಲ್ಲೇ ಬರೆದಿಲ್ಲವೇ? ಬಸಳೆ ಸೋಸುವವರ ಹತ್ತಿರ ವಾಲಿಬಾಲ್ ಮಾತಾಡಬಾರದು.

15 ಜನವರಿ, ಭಾನುವಾರ

ಬೆಳ್ತಂಗಡಿಯಲ್ಲಿ ಪಂದ್ಯಾಟ. ಇವತ್ತು ನನ್ನ ಕೈಯಿಂದ ಮೈಕು ಹೋಯಿತು, ಮೂರು ನಿಮಿಷಗಳ ಮಟ್ಟಿಗೆ.

ಆನೆಗೆ ಉತ್ತಮ ಆಟಗಾರ ಪ್ರಶಸ್ತಿ ಬಂತು. ಸಂಘಟಕರು “ಎರಡು ಮಾತಾಡಿ” ಎಂದು ಮೈಕು ಕೊಡಿಸಿದರು. ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳಿ ಹೋಗುತ್ತಾನೆಂದು ನಾನು ಅನುವಾದಕ್ಕೆ ಸಿದ್ಧನಾಗಿ ಪಕ್ಕದಲ್ಲಿ ನಿಂತೆ. ಅವನು ಎರಡು ಸಲ ಮೈಕಿಗೆ ಊದಿ (ಮೈಕಿಗೆ ಊದಬಾರದು, ಹಾಳಾಗುತ್ತದೆ) ಶುರು ಮಾಡಿದ.

“ಎಲ್ಲರಿಗೂ ನಮಸ್ಕಾರ. ನನಗೆ ಆಫ್ರಿಕಾಕ್ಕೆ ಹೋಗುವ ದಾರಿ ಗೊತ್ತಿಲ್ಲ, ಗೊತ್ತಿದ್ದವರು ಯಾರಾದರೂ ಹೇಳಿ. ನಾನು ಬಂದದ್ದು ಯಲ್ಲಾಪುರದಿಂದ, ಬಸ್ಸಿನಲ್ಲಿ. ಅಂಕೋಲಾದಲ್ಲಿ ಒಂದು ಸಲ, ಉಡುಪಿಯಲ್ಲಿ ಒಂದು ಸಲ ಇಳಿದು ಹತ್ತಿದೆ. ಯಾವ ಕಂಡಕ್ಟರನೂ ಪಾಸ್‌ಪೋರ್ಟ್ ಕೇಳಲಿಲ್ಲ. ನನ್ನ ಅಜ್ಜನ ಅಜ್ಜ ಹುಟ್ಟಿದ್ದೂ ಯಲ್ಲಾಪುರದ ಕಾಡಿನಲ್ಲೇ. ನನ್ನ ಹೆಸರು ಗಣಪತಿ. ಗಣಪತಿ ರಾಮ ಸಿದ್ದಿ. ನಾನು ಹೊಡೆದಾಗ ನೀವು ಚಪ್ಪಾಳೆ ತಟ್ಟಿದರೆ ನನಗೆ ಖುಷಿ. ಘೀಳಿಟ್ಟರೆ ನಾನು ಆಡಲಿಕ್ಕೆ ಬಂದದ್ದಾ, ಸರ್ಕಸ್ಸಿಗೆ ಬಂದದ್ದಾ ಅಂತ ನನಗೇ ಗೊತ್ತಾಗೂದಿಲ್ಲ. ಇಷ್ಟೇ.”

ಮೊದಲು ನನಗೆ ಗಾಬರಿಯಾದದ್ದು ಅವನಿಗೆ ಕನ್ನಡ ಬರುತ್ತದೆಂದು. ಅಂದರೆ ಹೋದ ವಾರ ನಾನು ಹೇಳಿದ್ದೆಲ್ಲ ಅರ್ಥವಾಗಿದೆ. ಅವನು ಅಂಕಣದ ಹೊರಗೆ ನೀರು ಕುಡಿಯುವಾಗ “ಆನೆ ಹೊಳೆಗೆ ಹೋಯಿತು” ಎಂದದ್ದೂ ಅರ್ಥವಾಗಿದೆ. ಅಷ್ಟರಲ್ಲಿ ಉಜ್ವಲ್ ಒಬ್ಬನೇ ಚಪ್ಪಾಳೆ ತಟ್ಟಿದ, ಆಮೇಲೆ ಸಿನಾನ್, ಆಮೇಲೆ ಬಹಳ ಜನ. ನನ್ನ ಮಾತಿಗೆ ಬೀಳುವುದಕ್ಕಿಂತ ಒಂದೆರಡು ಚಪ್ಪಾಳೆ ಹೆಚ್ಚೇ ಬಿತ್ತು.

ಮನೆಗೆ ಬಂದು ಸರಸನಿಗೆ ಹೇಳಿದೆ. “ಹೆಸರೇ ಗಣಪತಿಯಂತೆ! ಗಣಪತಿಯನ್ನು ಆನೆ ಎಂದರೆ ಹೊಗಳಿದ ಹಾಗೇ ಅಲ್ಲವಾ?”

“ಗಣಪತಿಗೆ ಕೈ ಮುಗೀತಾರೆ. ಘೀಳಿಡುವುದಿಲ್ಲ,” ಎಂದಳು.

17 ಜನವರಿ, ಮಂಗಳವಾರ

ಪೇಪರಿನ ಜಿಲ್ಲಾ ಪುಟದಲ್ಲಿ ಬಂದಿದೆ. ‘ಬಣ್ಣ ನೋಡಿ ಬಿರುದು: ಆಟಗಾರನ ಆಕ್ಷೇಪ’. ಉಜ್ವಲನ ಫೋಟೋ ದೊಡ್ಡದು. ಹೊರದೇಶಗಳಲ್ಲಿ ಫುಟ್‌ಬಾಲ್ ಆಡುವ ಕಪ್ಪು ಆಟಗಾರರು ಪ್ರೇಕ್ಷಕರ ಕೂಗಿನ ವಿರುದ್ಧ ಮಾತಾಡುತ್ತಿದ್ದಾರೆ, ನಮ್ಮಲ್ಲಿ ನಾವು ಮಾತಾಡಬೇಕು ಎಂದಿದ್ದಾನೆ. ಚಪ್ಪಲಿಯ ಫ್ಲೆಕ್ಸಿನಲ್ಲಿ ನಗುವವನಿಗೆ ಇಷ್ಟೆಲ್ಲ ವಿಚಾರ ಯಾವಾಗ ಬಂತೋ.

ನನ್ನ ಹೆಸರು ಎಲ್ಲೂ ಇಲ್ಲ. ‘ಉದ್ಘೋಷಕರೊಬ್ಬರು’ ಎಂದು ಬರೆದಿದ್ದಾರೆ! ಹದಿನೆಂಟು ವರ್ಷ ದುಡಿದವನಿಗೆ ಹೆಸರಿಲ್ಲವೇ? ಒಬ್ಬ ಮನುಷ್ಯನನ್ನು ಹೀಗೆ ಹೆಸರಿಲ್ಲದೆ ಪೇಪರಿಗೆ ಹಾಕುವುದು ಎಂಥ ಅವಮಾನ. ಸರಸನ ಹತ್ತಿರ ಇದೇ ಮಾತು ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

22 ಜನವರಿ, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಊರಿನವರು ಹೇಳುವ ಕಥೆಯೇ ಸತ್ಯವಾಗುತ್ತದೆ.

ಮೂಡುಬಿದಿರೆಯಲ್ಲಿ ಪಂದ್ಯಾಟ. ಬಿ.ಸಿ.ರೋಡಿನಲ್ಲಿ ಬಟ್ಟೆ ಅಂಗಡಿ ಇರುವ ಅಬ್ದುಲ್ ಸಮದ್ ಈ ಭಾನುವಾರಗಳ ಪಂದ್ಯಾಟ ಸರಣಿಯ ಮುಖ್ಯಸ್ಥರು, ಹದಿನೈದು ವರ್ಷ ದುಬೈಯಲ್ಲಿದ್ದವರು. ಬೆಳಿಗ್ಗೆಯೇ ಹೇಳಿದ್ದರು, “ಧರ್ಣಪ್ಪಣ್ಣ, ಇವತ್ತು ಸ್ವಲ್ಪ ನೋಡಿ ಮಾತಾಡಿ.” ನೋಡಿಯೇ ಮಾತಾಡಿದೆ. ಇಡೀ ವಾರ ಯೋಚಿಸಿ ಬಿರುದನ್ನು ತಿದ್ದಿದ್ದೆ. ಅವನ ಆಕ್ಷೇಪ ಇದ್ದದ್ದು ಭೂಗೋಳದ ಬಗ್ಗೆ ತಾನೇ? ಅವನು ಸರ್ವಿಸಿಗೆ ಚೆಂಡು ಹಿಡಿದಾಗ, “ಈಗ ಸರ್ವಿಸ್‌ನಲ್ಲಿ, ಯಲ್ಲಾಪುರದ ಕಪ್ಪಾನೆ!” ಎಂದೆ.

ರೆಫ್ರಿ ಸೀಟಿ ಊದಿದರು. ಗಣಪತಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಆಚೆ ಈಚೆ ನೋಡತೊಡಗಿದ. ಉಜ್ವಲ್ ಹಣೆಗೆ ಕೈಯಿಟ್ಟು ಮೈದಾನದ ಸುತ್ತ ಕಣ್ಣಾಡಿಸಿ, “ಎಲ್ಲಿ ಮಾರಾಯ ಆನೆ?” ಎಂದು ಕೂಗಿದ. ಆಟಗಾರನೊಬ್ಬ ರೆಫ್ರಿಯ ಏಣಿಯ ಕೆಳಗೆ ಬಗ್ಗಿ ನೋಡಿದ. ಇನ್ನೊಬ್ಬ ನೆಟ್ಟಿನ ಹಗ್ಗ ಎತ್ತಿ ನೋಡಿದ. ಸೀಟಿ ಊದಿ ಎಂಟು ಸೆಕೆಂಡಿನೊಳಗೆ ಸರ್ವಿಸ್ ಮಾಡದಿದ್ದರೆ ಪಾಯಿಂಟು ಎದುರಾಳಿಗೆ. ಹೋಯಿತು.

ಸರಿ, ಈಗ ಬಂಟ್ವಾಳದವರ ಸರ್ವಿಸ್. “ಬಂಟ್ವಾಳದ ಕುಳ್ಳ ಕುದುರೆ!” ಎಂದೆ. ಸಿನಾನ್ ಚೆಂಡು ಕೆಳಗಿಟ್ಟು, “ಕುದುರೆ ಉಂಟಾ? ಯಾರಾದ್ರೂ ಕುದುರೆ ನೋಡಿದ್ದೀರಾ?” ಎಂದು ಪ್ರೇಕ್ಷಕರನ್ನು ಕೇಳುತ್ತಾ ಹೊರಟ. ಎಂಟು ಸೆಕೆಂಡು. ಪಾಯಿಂಟು ವಾಪಸ್ಸು. ಮತ್ತೆ ಮೂಡುಬಿದಿರೆ, ಮತ್ತೆ ಬಂಟ್ವಾಳ. ‘ಸಿಡಿಲು’ ಎಂದಾಗ ಉಜ್ವಲ್ ಆಕಾಶ ನೋಡಿ, “ಜನವರಿಯಲ್ಲಿ ಎಂಥ ಸಿಡಿಲು?” ಎಂದ. ಹೀಗೆ ಒಬ್ಬನೂ ಚೆಂಡು ಹೊಡೆಯದೆ ಸ್ಕೋರು ಆರು-ಆರು ಆಯಿತು. ಎರಡೂ ತಂಡಗಳು ಹೋಟೆಲಿನಲ್ಲಿ ಕೂತು ಮಾತಾಡಿಕೊಂಡು ಬಂದಿದ್ದವೆಂದು ಕಾಣುತ್ತದೆ. ಇಷ್ಟು ಒಗ್ಗಟ್ಟು ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಹದಿನೆಂಟು ವರ್ಷ ನನ್ನ ಮಾತಿಗೆ ನಕ್ಕವರು ಇವತ್ತು ನನ್ನನ್ನು ನೋಡಿ ನಕ್ಕರು. ಎರಡಕ್ಕೂ ಶಬ್ದ ಒಂದೇ, ಆದರೆ ಕೇಳುವವನಿಗೆ ತಿಳಿಯುತ್ತದೆ.

ಏಳನೇ ಪಾಯಿಂಟಿಗೆ ಸಮದ್ ಬಂದು ನನ್ನ ಕೈಯಿಂದ ಮೈಕು ತೆಗೆದು ಅಝೀಮನಿಗೆ ಕೊಟ್ಟರು. ಅಝೀಮ್ ಕಾಲೇಜು ಮುಗಿಸಿದ ಹುಡುಗ, ನಾಲ್ಕು ಭಾಷೆಯಲ್ಲಿ ಬಡಬಡಿಸುತ್ತಾನೆ, ಒಂದರಲ್ಲೂ ರಸವಿಲ್ಲ. “ಸರ್ವಿಸ್, ನಂಬರ್ ಒಂಬತ್ತು, ಗಣಪತಿ,” ಎಂದ. ಗಣಪತಿ ಥಟ್ಟನೆ ಚೆಂಡು ಎತ್ತಿ ಹೊಡೆದ.

23 ಜನವರಿ, ಸೋಮವಾರ

ಗಂಟಲು ನೋವು. ರಜೆ.

(ಗಂಟಲು ನೋವಿಲ್ಲ.)

25 ಜನವರಿ, ಬುಧವಾರ

ಸಮದ್ ಅಂಗಡಿಗೆ ಕರೆಸಿದರು. ಚಹಾ ತರಿಸಿದರು. ಚಹಾ ತರಿಸಿದಾಗಲೇ ಕೆಟ್ಟ ಸುದ್ದಿಯೆಂದು ಗೊತ್ತಾಯಿತು.

“ಐದನೇ ತಾರೀಕು ಇಲ್ಲೇ ಫೈನಲ್. ಮೈಕು ಅಝೀಮನಿಗೆ ಕೊಡುವ ಅಂತ ಕಮಿಟಿಯವರು ಹೇಳ್ತಾರೆ.”

“ಸಮದಾಕ, ನಾನು ಇಲ್ಲದೆ ಫೈನಲ್ಲಾ?”

“ನನಗೂ ಬೇಜಾರುಂಟು ಧರ್ಣಪ್ಪಣ್ಣ. ನಿಮ್ಮ ಸ್ವರ ಅವನಿಗಿಲ್ಲ. ನೀವು ಆ ಹುಡುಗನ ಹತ್ರ ಒಂದು ಮಾತು ಹೇಳಿ ಬನ್ನಿ, ಮೈಕಿನಲ್ಲಿ ಹೆಸರು ಹೇಳಿ. ಅಷ್ಟೇ.”

“ಹೆಸರೇ ಹೇಳುವುದಾದರೆ ನನಗೆ ರೇಷನ್ ಅಂಗಡಿ ಸಾಲದಾ? ಬಿರುದು ಇಲ್ಲದ ಮೇಲೆ ರಸ ಎಲ್ಲುಂಟು?”

ಅವರು ಸೀರೆಯ ಕಟ್ಟೊಂದನ್ನು ಸರಿಪಡಿಸಿದರು. ಆಮೇಲೆ, “ದುಬೈಯಲ್ಲಿ ನನ್ನ ಅರಬಾಬು, ಅಂದ್ರೆ ಧಣಿ, ಹದಿನೈದು ವರ್ಷ ನನ್ನನ್ನು ‘ಹಿಂದಿ’ ಅಂತ ಕರೆದ, ಇಂಡಿಯಾದವ ಅಂತ ಅರ್ಥ. ಸಂಬಳ ಸರಿಯಾಗಿ ಕೊಟ್ಟ, ಸುಳ್ಳು ಹೇಳುವುದಿಲ್ಲ. ಹೊರಡುವ ದಿವಸ ಕಾಗದಕ್ಕೆ ಸೈನ್ ಹಾಕುವಾಗ ಕೇಳಿದ, ನಿನ್ನ ಹೆಸರೇನು ಅಂತ. ನನಗೆ ಅವತ್ತು ರಸ ಎಲ್ಲೂ ಕಾಣಲಿಲ್ಲ ಮಾರಾಯ್ರೆ,” ಎಂದರು.

ನಾನು ಚಹಾ ಪೂರ್ತಿ ಕುಡಿಯದೆ ಬಂದೆ.

26 ಜನವರಿ, ಗುರುವಾರ

ಗಣರಾಜ್ಯೋತ್ಸವದ ರಜೆ. ಕ್ಷಮೆಯ ಪತ್ರ ಬರೆಯಲು ಕುಳಿತೆ.

ಮೊದಲನೆಯದು: ‘ಪ್ರೀತಿಯ ಗಣಪತಿ, ನೀನು ತಪ್ಪು ತಿಳಿದುಕೊಂಡದ್ದಕ್ಕೆ ನನಗೆ ವಿಷಾದವಿದೆ.’ ಚೆನ್ನಾಗಿದೆ ಎನಿಸಿತು. ಸರಸ ಓದಿ, “ಇದರಲ್ಲಿ ಕ್ಷಮೆ ಕೇಳಬೇಕಾದದ್ದು ಅವನಾ ನೀವಾ?” ಎಂದಳು.

ಎರಡನೆಯದು: ‘ನನ್ನ ಮನಸ್ಸಿನಲ್ಲಿ ಕಪ್ಪು ಬಿಳುಪು ಎಂಬ ಭೇದವಿಲ್ಲ, ನಾನು ಕುಳ್ಳರನ್ನೂ ದಪ್ಪಗಿನವರನ್ನೂ ಹೀಗೆಯೇ ಕರೆಯುತ್ತೇನೆ.’ ಹರಿದೆ.

ಮೂರನೆಯದು: ‘ಮಾನ್ಯ ಗಣಪತಿಯವರೇ,’ ಅಲ್ಲಿಗೇ ನಿಂತಿತು. ಬಹುವಚನ ಹಾಕಿದ ಮೇಲೆ ಮುಂದೆ ಏನು ಬರೆಯುವುದೆಂದು ತೋಚಲಿಲ್ಲ. ಸರಸ ಆ ಹಾಳೆಯನ್ನು ಅಕ್ಕಿ ಆರಿಸಲು ತೆಗೆದುಕೊಂಡು ಹೋದಳು.

28 ಜನವರಿ, ಶನಿವಾರ

ಮುಷ್ಕರ ಮನೆಗೂ ಬಂದಿದೆ.

ಬೆಳಿಗ್ಗೆ ಪಕ್ಕದ ಮೈಮೂನಮ್ಮ ಬೇಲಿಯ ಆಚೆಯಿಂದ, “ಕರಿ ಸರಸಕ್ಕಾ, ಓ ಕರಿ ಸರಸಕ್ಕಾ, ಒಂದು ಹಿಡಿ ಕೊತ್ತಂಬರಿ ಉಂಟಾ?” ಎಂದು ಕರೆದರು. ಮೂರು ಸಲ, ನಾಲ್ಕು ಸಲ. ಸರಸ ಅಂಗಳದಲ್ಲೇ ಬಟ್ಟೆ ಒಣಹಾಕುತ್ತಿದ್ದಳು, ತಿರುಗಿ ನೋಡಲಿಲ್ಲ.

“ಕರೆಯುವುದು ಕೇಳಿಸುವುದಿಲ್ಲವಾ?” ಎಂದೆ.

“ಯಾರನ್ನು ಕರೆದರು?”

“ನಿನ್ನನ್ನು.”

“ನನ್ನ ಹೆಸರು ಕರೆದದ್ದು ನನಗೆ ಕೇಳಿಸಲಿಲ್ಲ.” ಒಂದು ಅಂಗಿ ಕೊಡವಿದಳು. ನೀರು ನನ್ನ ಮುಖಕ್ಕೆ ಹಾರಿತು, ಬೇಕೆಂದೇ ಹಾರಿಸಿದ್ದು.

ನಮ್ಮ ಕೇರಿಯಲ್ಲಿ ಇಬ್ಬರು ಸರಸರು. ಮೂರನೇ ಮನೆಯವಳು ಬಿಳಿ ಸರಸ, ನನ್ನವಳು ಕರಿ ಸರಸ. ಗುರುತಿಗೆ ಇರುವುದು, ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ. ಹಾಗೆಂದು ವಿವರಿಸಿದೆ. ಅವಳು ಬಕೆಟ್ಟು ಕೆಳಗಿಟ್ಟಳು.

“ಈ ಹೆಸರು ಯಾರು ಇಟ್ಟದ್ದು, ನೆನಪುಂಟಾ?”

“ಊರಿನವರು.”

“ಊರಿನವರಲ್ಲ. ನಾನು ಮದುವೆಯಾಗಿ ಬಂದ ತಿಂಗಳಲ್ಲಿ ನನ್ನನ್ನು ಕಾರ್ಡಿಗೆ ಸೇರಿಸಿದ್ರಲ್ಲ, ಆವಾಗ ನೀವು ಇಟ್ಟದ್ದು. ಮೊದಲ ಸಲ ಅಕ್ಕಿಗೆ ಬಂದು ಸಾಲಿನಲ್ಲಿ ನಿಂತಿದ್ದೆ. ‘ಕರಿ ಸರಸ!’ ಅಂತ ಕೂಗಿದ್ರಿ. ನಲವತ್ತು ಜನ ನಕ್ಕರು. ನಿಮಗೆ ಖುಷಿಯಾಯ್ತು, ಇನ್ನೊಂದು ಸಲ ಕೂಗಿದ್ರಿ. ಅವತ್ತಿನಿಂದ ಇವತ್ತಿನವರೆಗೆ ನಾನು ನಿಮ್ಮ ಸೊಸೈಟಿಗೆ ಕಾಲಿಟ್ಟಿಲ್ಲ. ಇಪ್ಪತ್ತೆರಡು ವರ್ಷ ಆಯ್ತು. ನಮ್ಮ ಮನೆಯ ಅಕ್ಕಿ ಯಾಕೆ ಯಾವಾಗಲೂ ನೀವೇ ಹೊತ್ತು ತರ್ತೀರಿ ಅಂತ ಒಂದು ದಿವಸವೂ ಯೋಚನೆ ಮಾಡ್ಲಿಲ್ಲ.”

ನಾನೇ ಹೊತ್ತು ತರುವುದು ಪ್ರೀತಿಯಿಂದ ಎಂದುಕೊಂಡಿದ್ದೆ. ನನ್ನ ಪ್ರೀತಿಯಿಂದ.

30 ಜನವರಿ, ಸೋಮವಾರ

ಮಧ್ಯಾಹ್ನ ಜನ ಕಡಿಮೆಯಿದ್ದಾಗ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಇದೆ. ನನ್ನದೇ ಅಕ್ಷರ. ‘ಸರಸ’ದ ಮುಂದೆ ಕಂಸದಲ್ಲಿ ‘ಕರಿ’. ಅಕ್ಷರ ಚೆಂದವಾಗಿದೆ. ನಲವತ್ತು ಜನ ನಕ್ಕದ್ದು ನೆನಪಿಗೆ ಬರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ನನಗೆ ನಾಚಿಕೆಯಾಯಿತು. ಹೆಂಡತಿ ಇಪ್ಪತ್ತೆರಡು ವರ್ಷ ಮರೆಯದ್ದು ನನಗೆ ಒಂದು ಸಂಜೆಯ ಮಟ್ಟಿಗೂ ನೆನಪಿರಲಿಲ್ಲ.

ಇದಕ್ಕೂ ವಾಲಿಬಾಲಿಗೂ ಸಂಬಂಧವಿಲ್ಲ. ಸುಮ್ಮನೆ ಬರೆದಿಟ್ಟೆ.

2 ಫೆಬ್ರವರಿ, ಗುರುವಾರ

ರಜೆ ಹಾಕಿ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ಕ್ಷಮೆ ಕೇಳಲಿಕ್ಕಲ್ಲ. ಹೆಸರಿನ ಪಟ್ಟಿ ಸರಿಮಾಡಿಕೊಳ್ಳಲಿಕ್ಕೆ.

ಹುಡುಗರು ಅಭ್ಯಾಸ ಮುಗಿಸಿ ಮೈದಾನದ ಬದಿಯಲ್ಲಿ ಕುಳಿತಿದ್ದರು. ಗಣಪತಿ ಎದ್ದು ನಿಂತು, “ಬನ್ನಿ ಸರ್,” ಎಂದ. ನನ್ನನ್ನು ಸರ್ ಎಂದವರು ಕಡಿಮೆ. ಮೂರು ಕರಡು ಬರೆದಿದ್ದೆನಲ್ಲ, ಒಂದೂ ನೆನಪಿಗೆ ಬರಲಿಲ್ಲ. “ಅವತ್ತು ಹಾಗೆ ಕರೆಯಬಾರದಿತ್ತು. ತಪ್ಪಾಯಿತು,” ಎಂದುಬಿಟ್ಟೆ. ಹೇಗೆ ಬಂತೋ, ಬಂತು.

“ಆಯ್ತು ಬಿಡಿ ಸರ್,” ಎಂದ. ಆಮೇಲೆ ತಾನಾಗಿಯೇ ಹೇಳಿದ. “ನಮ್ಮ ಶಾಲೆಯಲ್ಲಿ ಒಬ್ಬ ಮಾಸ್ತರು ಹಾಜರಿ ಕರೆಯುವಾಗ ಬೇರೆಯವರಿಗೆಲ್ಲ ಹೆಸರು ಹೇಳೋರು. ನಮ್ಮ ಸರದಿ ಬಂದರೆ ‘ಏ ಸಿದ್ದಿ’ ಅನ್ನೋರು, ಅಷ್ಟೇ. ನಾವು ಹನ್ನೊಂದು ಜನ ಇದ್ದೆವು. ಹನ್ನೊಂದು ಜನರೂ ಒಟ್ಟಿಗೆ ಹಾಜರ್ ಅಂತಿದ್ದೆವು. ನಮ್ಮ ಪೈಕಿ ಬಸವ ಅಂತ ಒಬ್ಬ ಆಟದಲ್ಲಿ ನನಗಿಂತ ಚುರುಕು. ಅವನು ಶಾಲೆ ಬಿಟ್ಟು ಕೂಲಿಗೆ ಹೋದ. ವರ್ಷ ಪೂರ್ತಿ ಅವನಿಗೆ ಹಾಜರಿ ಬಿತ್ತು. ಅವನು ಇಲ್ಲ ಅಂತ ಯಾರಿಗೂ ಗೊತ್ತೇ ಆಗಲಿಲ್ಲ.” ಅದನ್ನು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ವಾತಾವರಣ ತಿಳಿಯಾಗಲೆಂದೋ ಏನೋ ಉಜ್ವಲ್ ಬಾಯಿ ಹಾಕಿದ. “ಬೇಜಾರು ಮಾಡ್ಬೇಡಿ ಧರ್ಣಪ್ಪಣ್ಣ. ನಿಮಗೂ ಒಂದು ಬಿರುದು ಉಂಟು.”

“ನನಗಾ?”

“ಸೀಮೆಎಣ್ಣೆ.”

“ಯಾಕೆ?”

“ನೀವು ಹತ್ರ ಬಂದ್ರೆ ವಾಸನೆ ಬರ್ತದೆ ಅಂತ. ನಾನು ಇಟ್ಟದ್ದಲ್ಲ, ನಾನು ಆಡ್ಲಿಕ್ಕೆ ಬರುವ ಮೊದಲೇ ಇತ್ತು.”

ಹುಡುಗರೆಲ್ಲ ನೆಲ ನೋಡಿದರು. ಗಣಪತಿ ಮಾತ್ರ ನನ್ನ ಮುಖ ನೋಡಿ ಮೆಲ್ಲಗೆ, “ಅದನ್ನು ಯಾರೂ ಮೈಕಿನಲ್ಲಿ ಹೇಳಲಿಲ್ಲ ಸರ್,” ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಪಕ್ಕದ ಸೀಟಿಗೆ ಬಂದ ಹೆಂಗಸು ವಾಸನೆಗೆ ಎದ್ದು ಹೋಗುತ್ತಾಳೋ ಎಂದು ಅವಳನ್ನು ಕದ್ದು ನೋಡುತ್ತಲೇ ಇದ್ದೆ. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಸರಸ ಯಾಕೆಂದು ಕೇಳಿದಳು. ಸೆಕೆ ಎಂದೆ.

5 ಫೆಬ್ರವರಿ, ಭಾನುವಾರ

ಬಿ.ಸಿ.ರೋಡಿನಲ್ಲಿ ಫೈನಲ್. ಮೂಡುಬಿದಿರೆಗೂ ಬಂಟ್ವಾಳಕ್ಕೂ. ಸಮದ್ ಮೈಕು ಕೊಟ್ಟರು, ಆದರೆ ಅಝೀಮನನ್ನು ಆಂಪ್ಲಿಫೈಯರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲಿಸಿದ್ದರು. ನಾನು ದಾರಿ ತಪ್ಪಿದರೆ ಕಟ್.

ಹನ್ನೆರಡೂ ಜನರ ಹೆಸರು, ತಂದೆಯ ಹೆಸರು, ಊರು ಬರೆದುಕೊಂಡು ಹೋಗಿದ್ದೆ. “ಸರ್ವಿಸ್‌ನಲ್ಲಿ, ಯಲ್ಲಾಪುರದ ರಾಮ ಸಿದ್ದಿಯವರ ಮಗ, ಗಣಪತಿ ಸಿದ್ದಿ!” ಹೆಸರನ್ನೂ ಎಳೆದು ಹೇಳಿದರೆ ಮೈದಾನದ ಆ ತುದಿಗೆ ಮುಟ್ಟುತ್ತದೆಂದು ಇವತ್ತು ಗೊತ್ತಾಯಿತು. ಅವನ ಕೈಯಿಂದ ಚೆಂಡು ಹಾರಿತು, ಪಾಯಿಂಟು ಬಂತು.

ಆಗ ಹಿಂದಿನಿಂದ ಘೀಳು. ವಾಮದಪದವಿನಿಂದ ಟೆಂಪೋದಲ್ಲಿ ಬಂದ ನಮ್ಮವರೇ, ಏಳೆಂಟು ಜನ. “ಆಫ್ರಿಕಾದ ಆನೇ!” ಎಂದು ಒಬ್ಬ ಕೂಗಿದ. ಸುತ್ತಲಿನವರು ನಕ್ಕರು. ಎರಡನೇ ಸರ್ವಿಸಿಗೆ ಘೀಳು ಇಮ್ಮಡಿಯಾಯಿತು. ಗಣಪತಿ ಚೆಂಡು ಹಿಡಿದು ತಲೆ ತಗ್ಗಿಸಿ ನಿಂತ. ಉಜ್ವಲ್ ನನ್ನ ಕಡೆ ನೋಡಿದ, ಸಮದ್ ನೋಡಿದರು, ಅಝೀಮ್ ಬೆರಳು ಬಿಗಿ ಮಾಡಿದ. ಆ ಕೂಗು ನಾನು ಹುಟ್ಟಿಸಿದ್ದು. ಈಗ ನಾನು ಬೇಡವೆಂದರೂ ಅದು ಕೇಳುವುದಿಲ್ಲ. ದಯವಿಟ್ಟು ಶಾಂತರಾಗಿ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಇನ್ನೂ ಕೂಗುತ್ತಾರೆ, ಜನವನ್ನು ನಾನು ಬಲ್ಲೆ.

ಜನವನ್ನು ನಾನು ಬಲ್ಲೆ! ಕಾರ್ಡು ಸಮೇತ ಬಲ್ಲೆ. ಮೈಕು ಬಾಯಿಗೆ ಹತ್ತಿರ ತಂದೆ.

“ಪ್ರಿಯ ಕ್ರೀಡಾಭಿಮಾನಿಗಳೇ, ಒಂದು ವಿಶೇಷ ಪ್ರಕಟಣೆ. ಪಶ್ಚಿಮ ದಿಕ್ಕಿನ ನಾಲ್ಕನೇ ಸಾಲಿನಲ್ಲಿ ಆನೆಯ ಧ್ವನಿಯನ್ನು ಅತ್ಯಂತ ಸಹಜವಾಗಿ ಹೊರಡಿಸುತ್ತಿರುವವರು ವಾಮದಪದವಿನ ಬಾಬಣ್ಣನವರ ಹಿರಿಯ ಸುಪುತ್ರ ಶ್ರೀ ಶೇಖರ. ಇವರಿಗೆ ಮದುವೆಗೆ ಹೆಣ್ಣು ನೋಡುತ್ತಿದ್ದಾರೆ. ಹೆಣ್ಣಿನ ಕಡೆಯವರು ಯಾರಾದರೂ ಮೈದಾನದಲ್ಲಿದ್ದರೆ ದಯವಿಟ್ಟು ಗಮನಿಸಬೇಕು.”

ಇಡೀ ಮೈದಾನ ನಾಲ್ಕನೇ ಸಾಲಿಗೆ ತಿರುಗಿತು. ಶೇಖರ ಕೂತಲ್ಲೇ ಅರ್ಧವಾದ.

“ಅವರ ಎಡಗಡೆಗೆ ಸೊಂಡಿಲಿನ ಪಾತ್ರ ವಹಿಸಿದವರು ಇಬ್ರಾಹಿಂ ಖಲೀಲ್. ತಾಯಿ ಸೈನಬ ಅವರು ಇದೇ ಮೈದಾನದ ಹಿಂದಿನ ಮನೆಗೆ ಬಂದಿದ್ದಾರೆ, ಮೈಕು ಅಲ್ಲಿಗೂ ಕೇಳಿಸುತ್ತದೆ. ಅವರ ಹಿಂದೆ ಚೀಲದ ಸೊಂಡಿಲು ತಂದಿರುವವರು ನಮ್ಮ ಹಿರಿಯರಾದ ಹಾಜಬ್ಬನವರು. ಇನ್ನು ಹಸಿರು ಅಂಗಿಯವರು…”

ಹಸಿರು ಅಂಗಿಯವನು ಅಂಗಿಯನ್ನೇ ಬಿಚ್ಚಿ ಮಡಚಿಟ್ಟುಕೊಂಡ. ಖಲೀಲ್ ಎದ್ದು ಕೈ ಮುಗಿದು, “ಸಾಕು ಧರ್ಣಪ್ಪಣ್ಣ, ಉಮ್ಮನಿಗೆ ಹೇಳ್ಬೇಡಿ!” ಎಂದು ಕೂಗಿದ. ಜನ ನಗುತ್ತಾ ಬೆಂಚಿನಿಂದ ಬಿದ್ದರು. ಆಮೇಲೆ ಆ ಸಾಲಿನಿಂದ ಕೆಮ್ಮು ಕೂಡ ಕೇಳಲಿಲ್ಲ. ಅಝೀಮ್ ಸ್ವಿಚ್ಚು ಬಿಟ್ಟು ಹೊಟ್ಟೆ ಹಿಡಿದುಕೊಂಡಿದ್ದ.

“ಸರ್ವಿಸ್‌ನಲ್ಲಿ, ಗಣಪತಿ ಸಿದ್ದಿ,” ಎಂದೆ. ಅವನು ನಗು ತಡೆಯಲಾರದೆ ಚೆಂಡನ್ನು ನೆಟ್ಟಿಗೆ ಹೊಡೆದ.

ಮೂಡುಬಿದಿರೆ ಎರಡು ಪಾಯಿಂಟಿನಲ್ಲಿ ಸೋತಿತು. ಆ ಸರ್ವಿಸ್ ಒಳಗೆ ಬಿದ್ದಿದ್ದರೆ ಏನಾಗುತ್ತಿತ್ತೋ. ಸೋತದ್ದು ನನ್ನಿಂದ ಎಂದು ಉಜ್ವಲ್ ಬೈದ, ನನ್ನ ಬೆನ್ನಿಗೆ ಹೊಡೆದು ಬೈದ. ಗಣಪತಿ ಹೊರಡುವ ಮುಂಚೆ ಬಂದು ಕೈ ಕುಲುಕಿದ. ನನ್ನ ಕೈಯಲ್ಲಿ ವಾಸನೆ ಇತ್ತೋ ಏನೋ, ಅವನು ಬೇಗ ಬಿಡಲಿಲ್ಲ.

ಒಂದು ವಿಷಯ ಇಲ್ಲಿ ಬರೆದಿಡಬೇಕು. ನನ್ನ ಶೈಲಿಯನ್ನು ನಾನು ಒಂದಿಷ್ಟೂ ಬದಲಾಯಿಸಿಲ್ಲ.

6 ಫೆಬ್ರವರಿ, ಸೋಮವಾರ

ರಿಜಿಸ್ಟರಿನಲ್ಲಿ ‘ಕರಿ’ಯನ್ನು ಹೊಡೆದು ಹಾಕಿದೆ. ‘ಬಜಿರೆ ಕಾಂತಪ್ಪರ ಮಗಳು’ ಎಂದು ಬರೆದೆ. ಹಾಗೆಯೇ ಬಿಳಿ ಸರಸನ ‘ಬಿಳಿ’ಯನ್ನೂ ಹೊಡೆದು ‘ಸಿದ್ಧಕಟ್ಟೆ ಐತಪ್ಪರ ಮಗಳು’ ಎಂದು ಬರೆದೆ. ಇದರಲ್ಲಿ ಯಾರಿಗೂ ತಕರಾರು ಇರಲಾರದು.

8 ಫೆಬ್ರವರಿ, ಬುಧವಾರ

ತಕರಾರಿದೆ. ಬಿಳಿ ಸರಸ ಕೌಂಟರಿನಲ್ಲಿ ನಿಂತು ಜೋರು ಮಾಡಿದಳು. “ಅವಳದ್ದು ಬೇಕಾದ್ರೆ ತೆಗೀರಿ. ನನ್ನದು ಯಾಕೆ ತೆಗೆದದ್ದು? ನನಗೆ ಯಾವ ಬೇಜಾರೂ ಇರ್ಲಿಲ್ಲ!”

“ಒಂದು ತೆಗೆದ ಮೇಲೆ ಇನ್ನೊಂದು ನಿಲ್ಲುವುದಿಲ್ಲಮ್ಮ,” ಎಂದೆ.

“ಇಪ್ಪತ್ತೆರಡು ವರ್ಷ ಇದ್ದದ್ದು!” ಎಂದು ಕ್ಯಾನು ಕುಟ್ಟಿ ಹೋದಳು. ಮೇಲಿನವರಿಗೆ ಅರ್ಜಿ ಕೊಡುತ್ತಾಳಂತೆ. ಕೊಡಲಿ.

13 ಫೆಬ್ರವರಿ, ಸೋಮವಾರ

ಇವತ್ತು ಸಾಲು ಬಾಗಿಲು ದಾಟಿ ರಸ್ತೆಯವರೆಗೆ ಇತ್ತು. ತಲೆ ಎತ್ತದೆ ಕಾರ್ಡು ನೋಡಿ ನೋಡಿ ಕೂಗುತ್ತಿದ್ದೆ. ಮೊದಲೇ ಒಟ್ಟು ಮಾಡಿಟ್ಟ ಕಟ್ಟಿನಿಂದ ಒಂದು ಕಾರ್ಡು ಕೈಗೆ ಬಂತು. ನಮ್ಮದು. ಬೆಳಿಗ್ಗೆ ನಾನು ಮನೆಯ ಗೂಡಿನಲ್ಲಿ ಇಟ್ಟು ಬಂದದ್ದು.

ತಲೆ ಎತ್ತಿದೆ. ಸಾಲಿನಲ್ಲಿ ಆರನೆಯವಳು ಅವಳು. ಮದುವೆ ಮನೆಗೆ ಉಡುವ ನೀಲಿ ಸೀರೆ, ಕೈಯಲ್ಲಿ ಅಕ್ಕಿಯ ಚೀಲ. ಅವಳ ಹಿಂದೆ ಮುಖ ಊದಿಸಿಕೊಂಡು ಇನ್ನೊಬ್ಬ ಸರಸ. ಮೈಕಿಲ್ಲ, ಎರಡು ಸಾವಿರ ಜನವಿಲ್ಲ, ಮೂವತ್ತೋ ನಲವತ್ತೋ ಜನ.

“ಬಜಿರೆ ಕಾಂತಪ್ಪರ ಮಗಳು, ಸರಸ,” ಎಂದೆ.

ಅವಳು ಅಲುಗಾಡಲಿಲ್ಲ. “ಕೇಳಿಸಲಿಲ್ಲ,” ಎಂದಳು.

ಇನ್ನೊಂದು ಸಲ ಕೂಗಿದೆ. ಅವಳು ಕಿವಿಗೆ ಕೈ ಅಡ್ಡ ಹಿಡಿದು ತಲೆಯಾಡಿಸಿದಳು. ಹಿಂದಿನಿಂದ ಯಾರೋ, “ಬೇಗ ಮಾಡಿ ಮಾರಾಯ್ರೆ, ಹನ್ನೊಂದರ ಬಸ್ಸು ಹೋಗ್ತದೆ,” ಎಂದು ಗೊಣಗಿದರು. ಬಸ್ಸು ಹೋಗಲಿ. ನಾನು ಎದ್ದು ನಿಂತು, ಎರಡು ಕೈಯಲ್ಲಿ ಕಾರ್ಡು ಹಿಡಿದು, ಫೈನಲಿಗೆ ತೆಗೆಯುವಷ್ಟು ಸ್ವರ ತೆಗೆದು ಮೂರನೇ ಸಲ ಅವಳ ಹೆಸರು ಕರೆದೆ. ಯಾರೂ ನಗಲಿಲ್ಲ. ಸರಸ ಚೀಲ ಕೊಡವಿಕೊಂಡು, ನನ್ನ ಮುಖ ನೋಡದೆ, ತಕ್ಕಡಿಯನ್ನು ಮಾತ್ರ ನೋಡುತ್ತಾ ಮುಂದೆ ಬಂದಳು.